ಎಚ್‌ಪಿವಿ ಪಾಸಿಟಿವ್ ಬಂದರೆ ಅದರ ಅರ್ಥವೇನು?

ಎಚ್‌ಪಿವಿ ಎಂದರೆ ಹೆಂಗಸರಲ್ಲಿ ಗರ್ಭಕಂಠದ, ಎಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತರಬಲ್ಲ ವೈರಸ್. ಅದರ ಪರೀಕ್ಷೆ ಮಾಡಿಸಿದಾಗ ಲ್ಯಾಬ್‌ನಿಂದ ಬರುವ ವರದಿಯಲ್ಲಿ ಹೆಚ್ಚಾಗಿ ಮೂರು ಸಾಲು ಇರುತ್ತವೆ. ಟೈಪ್ 16 ಇದೆಯೋ ಇಲ್ಲವೋ, ಟೈಪ್ 18 ಇದೆಯೋ ಇಲ್ಲವೋ, ಇವೆರಡನ್ನು ಬಿಟ್ಟು ಉಳಿದ 12 ಅಪಾಯಕಾರಿ ಟೈಪ್‌ಗಳಲ್ಲಿ ಯಾವುದಾದರೂ ಇದೆಯೋ ಇಲ್ಲವೋ. ಇಷ್ಟೇ. ಕ್ಯಾನ್ಸರ್ ಇದೆ ಎಂದು ಆ ವರದಿ ಹೇಳುವುದಿಲ್ಲ, ಬಂದೇ ಬರುತ್ತದೆ ಎಂದೂ ಹೇಳುವುದಿಲ್ಲ. ವೈರಸ್ ಯಾರಿಂದ ಬಂತು, ಎಂದು ಬಂತು ಎನ್ನುವುದಂತೂ ಅದರಿಂದ ತಿಳಿಯುವುದೇ ಇಲ್ಲ. ಆದರೂ ‘ಪಾಸಿಟಿವ್’ ಎಂಬ ಪದ ಕಂಡ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ, ಗಂಡ ಹೆಂಡತಿ ನಡುವೆ ಅನುಮಾನ ಹುಟ್ಟುತ್ತದೆ, ಕೆಲವು ಕಡೆ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆಯೂ ಬರುತ್ತದೆ. ಮೂರಕ್ಕೂ ಆಧಾರವಿಲ್ಲ. ಏಕಿಲ್ಲ ಎಂದು ತಿಳಿಯಲು ಈ ವೈರಸ್ ಬದುಕುವ ಬಗೆಯನ್ನು ನೋಡಬೇಕು.

ಎಚ್‌ಪಿವಿ, ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎನ್ನುವುದು ಒಂದು ವೈರಸ್ ಅಲ್ಲ, 200ಕ್ಕೂ ಹೆಚ್ಚು ಟೈಪ್‌ಗಳಿರುವ ದೊಡ್ಡ ಕುಟುಂಬ. ಮಕ್ಕಳ ಕೈಬೆರಳಿನಲ್ಲಿ, ಅಂಗಾಲಿನಲ್ಲಿ ಏಳುವ ನರಹುಲಿಗೆ ಕಾರಣವೂ ಇದೇ ಕುಟುಂಬದ 1, 2, 4ರಂಥ ಟೈಪ್‌ಗಳು. ಅವು ಗರ್ಭಕಂಠದ ಕ್ಯಾನ್ಸರ್ ತರುವುದಿಲ್ಲ. ಇಂಥ ಹೆಚ್ಚಿನ ನರಹುಲಿಗಳು ಒಂದೆರಡು ವರ್ಷದಲ್ಲಿ ತಾವೇ ಉದುರಿಹೋಗುತ್ತವೆ. (ಸುಣ್ಣ ಸೋಡ ಹಚ್ಚಿ ಸುಡುವುದು, ಬ್ಲೇಡಿನಿಂದ ಕೊಯ್ಯುವುದು ಬೇಡ. ಗಾಯವಾದರೆ ಪಕ್ಕದ ಚರ್ಮಕ್ಕೂ ಅದೇ ವೈರಸ್ ಹತ್ತಲು ದಾರಿಯಾಗುತ್ತದೆ.) ಜನನಾಂಗದ ಭಾಗಕ್ಕೆ ತಗಲುವವು ಸುಮಾರು 40 ಟೈಪ್‌ಗಳು. ಅವುಗಳಲ್ಲಿ 6 ಮತ್ತು 11 ಸೇರಿ ಜನನಾಂಗದ ನರಹುಲಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೆ ಕಾರಣ. ನೋಡಲು ಅಸಹ್ಯ, ಮತ್ತೆ ಮತ್ತೆ ಮರಳುವ ಕಿರಿಕಿರಿ, ಆದರೆ ಕ್ಯಾನ್ಸರಿಗೆ ತಿರುಗುವಂಥವಲ್ಲ. ಕ್ಯಾನ್ಸರ್ ತರುವವು ಹನ್ನೆರಡು ಹದಿನಾಲ್ಕು ಟೈಪ್‌ಗಳು ಮಾತ್ರ. ಅವುಗಳಲ್ಲೂ 16 ಮತ್ತು 18 ಎರಡೇ ಸೇರಿ ಜಗತ್ತಿನ ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಶೇ. 70ರಷ್ಟಕ್ಕೆ ಹೊಣೆ.

ಈ ನಂಟನ್ನು ಕಂಡುಹಿಡಿದವರು ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್. ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ವೈರಸ್ ಕಾರಣ ಎಂದು ಬಹುತೇಕರು ನಂಬಿದ್ದ ಕಾಲದಲ್ಲಿ ಅವರು ಪ್ಯಾಪಿಲೋಮಾದ ಬೆನ್ನು ಹತ್ತಿದರು. 1983ರಲ್ಲಿ ಅವರ ತಂಡ ಕ್ಯಾನ್ಸರ್ ಗಡ್ಡೆಗಳಲ್ಲಿ ಟೈಪ್ 16 ಅನ್ನೂ ಮರುವರ್ಷ ಟೈಪ್ 18 ಅನ್ನೂ ಪತ್ತೆಮಾಡಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಸದ್ದಿಲ್ಲದೆ ಇರುವ ಸೋಂಕು

ವೈರಸ್ ಹರಡುವುದು ಚರ್ಮಕ್ಕೆ ಚರ್ಮ ತಾಗುವುದರಿಂದ, ಮುಖ್ಯವಾಗಿ ಲೈಂಗಿಕ ಸಂಪರ್ಕದಲ್ಲಿ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಜಾಗದಿಂದಲೂ ವೈರಸ್ ದಾಟಬಲ್ಲದು. ಕಣ್ಣಿಗೆ ಕಾಣದಷ್ಟು ಸಣ್ಣ ತರಚು ಸಾಕು. ಅದರ ಮೂಲಕ ವೈರಸ್ ಒಳಪೊರೆಯ ತಳದ ಪದರಕ್ಕೆ ಇಳಿಯುತ್ತದೆ. ಅದಕ್ಕೆ ತೀರ ಅನುಕೂಲವಾದ ಜಾಗ ಗರ್ಭಕಂಠದ ಬಾಯಿಯ ಸುತ್ತಲಿನ ಒಂದು ಪಟ್ಟಿ. ಅಲ್ಲಿ ಹೊರಗಿನ ಚಪ್ಪಟೆ ಕೋಶಗಳೂ ಒಳಗಿನ ಕಂಬದಾಕಾರದ ಕೋಶಗಳೂ ಸಂಧಿಸುತ್ತವೆ, ಒಂದು ಬಗೆಯವು ಇನ್ನೊಂದಾಗಿ ಬದಲಾಗುತ್ತಲೇ ಇರುತ್ತವೆ. ಇದನ್ನು ಬದಲಾವಣೆಯ ಪಟ್ಟಿ ಎನ್ನೋಣ. ಗರ್ಭಕಂಠದ ಕ್ಯಾನ್ಸರ್‌ಗಳು ಬಹುಪಾಲು ಹುಟ್ಟುವುದು ಈ ಪಟ್ಟಿಯಲ್ಲೇ.

ತಳದ ಕೋಶಗಳು ವಿಭಜನೆಯಾಗಿ ಮೇಲೆ ಮೇಲೆ ಬಂದು ಕೊನೆಗೆ ಉದುರಿಹೋಗುತ್ತವೆ. ವೈರಸ್ ಅವುಗಳ ಜೊತೆಯಲ್ಲೇ ಮೇಲೇರುತ್ತದೆ, ಹೇಗಿದ್ದರೂ ಸಾಯಲಿರುವ ಮೇಲ್ಪದರದ ಕೋಶಗಳಲ್ಲಿ ಮಾತ್ರ ಹೊಸ ವೈರಸ್ ಕಣಗಳನ್ನು ಕಟ್ಟುತ್ತದೆ. ಕೋಶವನ್ನು ಒಡೆಯುವುದಿಲ್ಲ, ಉರಿಯೂತ ತರುವುದಿಲ್ಲ, ರಕ್ತಕ್ಕೆ ಇಳಿಯುವುದಿಲ್ಲ. ಜ್ವರವಿಲ್ಲ, ನೋವಿಲ್ಲ. ಹಾಗಾಗಿ ದೇಹದ ರಕ್ಷಣಾ ವ್ಯವಸ್ಥೆಗೆ ಸುಳಿವು ಸಿಗುವುದು ಬಹಳ ತಡವಾಗಿ. ಎಚ್‌ಪಿವಿಗೆ ರಕ್ತಪರೀಕ್ಷೆ ಇಲ್ಲದಿರುವುದಕ್ಕೂ ಇದೇ ಕಾರಣ.

ಸುಳಿವು ಸಿಕ್ಕ ಮೇಲೆ ಬಹುತೇಕರ ದೇಹ ತಾನೇ ಕೆಲಸ ಮುಗಿಸುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳು ಎರಡು ವರ್ಷದೊಳಗೆ ಪರೀಕ್ಷೆಯಲ್ಲಿ ಕಾಣದಂತಾಗುತ್ತವೆ. ಕೆಲವರಲ್ಲಿ ಮಾತ್ರ ವೈರಸ್ ಅಡಗಿದ್ದು, ಎಷ್ಟೋ ವರ್ಷಗಳ ನಂತರ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ತಲೆ ಎತ್ತಬಹುದು. ಹಾಗಾಗಿ 45ರ ಹೆಂಗಸಿಗೆ ಇಂದು ಪಾಸಿಟಿವ್ ಬಂದರೆ ಸೋಂಕು ಕಳೆದ ವರ್ಷದ್ದೂ ಇರಬಹುದು, ಇಪ್ಪತ್ತು ವರ್ಷ ಹಿಂದಿನದೂ ಇರಬಹುದು. ಅದನ್ನು ಹಿಡಿದುಕೊಂಡು ಗಂಡನನ್ನಾಗಲಿ ಹೆಂಡತಿಯನ್ನಾಗಲಿ ಪ್ರಶ್ನಿಸಲು ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಲೈಂಗಿಕ ಜೀವನ ನಡೆಸಿದ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಒಮ್ಮೆಯಾದರೂ ಈ ಸೋಂಕು ತಗಲಿಯೇ ಇರುತ್ತದೆ.

ತೊಂದರೆ ಇರುವುದು ಹೋಗದೆ ಉಳಿದುಬಿಡುವ ಸೋಂಕಿನಲ್ಲಿ. ವೈರಸ್‌ನ ಇ6 ಎಂಬ ಪ್ರೋಟೀನು ನಮ್ಮ ಕೋಶದ ಪಿ53 ಅನ್ನು ನಾಶಮಾಡುತ್ತದೆ; ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವುದು ಅಥವಾ ಸಾಯಿಸುವುದು ಪಿ53ರ ಕೆಲಸ. ಇ7 ಎಂಬ ಇನ್ನೊಂದು ಪ್ರೋಟೀನು ಕೋಶ ವಿಭಜನೆಗೆ ಲಗಾಮು ಹಾಕುವ ಆರ್‌ಬಿ ಪ್ರೋಟೀನನ್ನು ಕೆಡಿಸುತ್ತದೆ. ಮೊದಮೊದಲು ಇವೆರಡೂ ಮಿತಿಯಲ್ಲಿರುತ್ತವೆ, ಏಕೆಂದರೆ ವೈರಸ್‌ನದೇ ಇ2 ಎಂಬ ಜೀನು ಇವನ್ನು ಹತೋಟಿಯಲ್ಲಿಟ್ಟಿರುತ್ತದೆ. ವರ್ಷಗಟ್ಟಲೆ ಉಳಿದ ಸೋಂಕಿನಲ್ಲಿ ವೈರಸ್‌ನ ವೃತ್ತಾಕಾರದ ಡಿಎನ್‌ಎ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳಬಹುದು. ಆಗ ಇ2 ಇರುವ ಜಾಗವೇ ಮುರಿದುಹೋಗುವುದುಂಟು. ಹತೋಟಿ ತಪ್ಪಿದ ಇ6, ಇ7 ಎಗ್ಗಿಲ್ಲದೆ ತಯಾರಾಗತೊಡಗುತ್ತವೆ, ಕೋಶ ತಪ್ಪುಗಳನ್ನು ಒಟ್ಟುಮಾಡಿಕೊಳ್ಳುತ್ತ ವಿಭಜನೆಯಾಗುತ್ತಲೇ ಹೋಗುತ್ತದೆ.

ಇದು ಬಹಳ ನಿಧಾನದ ದಾರಿ. ಸಾಮಾನ್ಯ ಆರೋಗ್ಯವಿರುವ ಹೆಂಗಸಿನಲ್ಲಿ ಸೋಂಕಿನಿಂದ ಕ್ಯಾನ್ಸರ್‌ವರೆಗೆ 15ರಿಂದ 20 ವರ್ಷ ಹಿಡಿಯುತ್ತದೆ. ಚಿಕಿತ್ಸೆ ಪಡೆಯದ ಎಚ್‌ಐವಿ ಇದ್ದರೆ 5ರಿಂದ 10 ವರ್ಷ ಸಾಕು. ನಡುವೆ ಕೋಶಗಳು ಎಷ್ಟು ಕೆಟ್ಟಿವೆ ಎನ್ನುವುದಕ್ಕೆ ಸಿಐಎನ್ 1, 2, 3 ಎಂದು ವರದಿಯಲ್ಲಿ ಬರೆಯುವ ಹಂತಗಳಿವೆ. ಸಿಐಎನ್ 1 ಎಂದರೆ ಬಹುಮಟ್ಟಿಗೆ ಸೋಂಕಿನ ಗುರುತು, ಹೆಚ್ಚಾಗಿ ತಾನೇ ಸರಿಹೋಗುತ್ತದೆ. ಸಿಐಎನ್ 3 ಹಾಗಲ್ಲ, ಅದನ್ನು ತೆಗೆಯಲೇಬೇಕು. ಬೀಡಿ ಸಿಗರೇಟು ಈ ಏಣಿಯನ್ನು ಹತ್ತುವ ವೇಗ ಹೆಚ್ಚಿಸುತ್ತದೆ.

ಇಷ್ಟು ದೀರ್ಘ ಅವಕಾಶವಿದ್ದೂ ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು ಎಂದು ಅಂದಾಜು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49ರ ವಯಸ್ಸಿನವರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಬಿಳಿಮುಟ್ಟು, ಹೆದರಿಕೆ ಮತ್ತು ಗರ್ಭಕೋಶ

ಕ್ಯಾನ್ಸರಿಗೆ ಮುಂಚಿನ ಹಂತಗಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಲಕ್ಷಣ ಕಾಣಿಸಿದರೆ ತಡಮಾಡಬಾರದು: ಸಂಭೋಗದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿಯಾದರೂ ರಕ್ತ, ರಕ್ತ ಬೆರೆತ ಅಥವಾ ದುರ್ವಾಸನೆಯ ಸ್ರಾವ. ಇವು ಇದ್ದವರಿಗೆ ತಪಾಸಣೆಯ ಪರೀಕ್ಷೆ ಸಾಲದು. ನೇರವಾಗಿ ಸ್ತ್ರೀರೋಗ ತಜ್ಞರಿಂದ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಉಪಕರಣ) ಹಾಕಿಸಿ ನೋಡಿಸಿ, ಬೇಕಾದರೆ ಬಯಾಪ್ಸಿ, ಎಂದರೆ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು, ಆಗಬೇಕು.

ಬರಿಯ ಬಿಳಿಮುಟ್ಟು ಬೇರೆ ಮಾತು. ಅದಕ್ಕೆ ಹೆಚ್ಚಾಗಿ ಕಾರಣ ಫಂಗಸ್ಸು, ಬ್ಯಾಕ್ಟೀರಿಯಾ ಅಥವಾ ತಿಂಗಳ ಸಹಜ ಏರಿಳಿತ. ಬಿಳಿಮುಟ್ಟು, ಸೊಂಟನೋವು ಎಂದು ಹೋದವರಿಗೆ ‘ಮುಂದೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಕಲಬುರಗಿ ಕಡೆಯ ತಾಂಡಾಗಳಿಂದ ವರದಿಯಾಗಿ ದೊಡ್ಡ ಸುದ್ದಿಯಾಗಿದ್ದವು. ಎಚ್‌ಪಿವಿ ಪಾಸಿಟಿವ್ ಎಂಬುದೊಂದೇ ಕಾರಣಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯೇ ಅಲ್ಲ. ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಬಯಾಪ್ಸಿ ಮಾಡದೆ ಸಾದಾ ಶಸ್ತ್ರಚಿಕಿತ್ಸೆ ಮಾಡಿದಾಗ ಒಳಗೆ ನಿಜವಾಗಿಯೇ ಹಬ್ಬಿದ ಕ್ಯಾನ್ಸರ್ ಇದ್ದರೆ ಆ ಶಸ್ತ್ರಚಿಕಿತ್ಸೆ ಅದಕ್ಕೆ ಸಾಲುವುದಿಲ್ಲ, ಆಮೇಲಿನ ಚಿಕಿತ್ಸೆಯೂ ಕಗ್ಗಂಟಾಗುತ್ತದೆ.

ಪರೀಕ್ಷೆಗಳು: ಯಾವುದು, ಹೇಗೆ, ಎಲ್ಲಿ ಎಡವುತ್ತದೆ

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ 30ರಿಂದ 65ರ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ನಿಗದಿಯಾಗಿರುವುದು ವಿಐಎ. ಗರ್ಭಕಂಠಕ್ಕೆ ಅಸಿಟಿಕ್ ಆಸಿಡ್ ಹಚ್ಚಿ ಬರಿಗಣ್ಣಿನಲ್ಲಿ ನೋಡುವುದು. 5 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್‌ಗೆ 95 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಶೇ. 5ರ ದ್ರಾವಣ. ಹತ್ತಿಯನ್ನು ಅದರಲ್ಲಿ ಅದ್ದಿ ಗರ್ಭಕಂಠದ ಮೇಲಿಟ್ಟು ಪೂರಾ ಒಂದು ನಿಮಿಷ ಕಾಯಬೇಕು. ಕೆಟ್ಟ ಕೋಶಗಳಲ್ಲಿ ನ್ಯೂಕ್ಲಿಯಸ್ ದೊಡ್ಡದು, ಪ್ರೋಟೀನು ಹೆಚ್ಚು. ಆಸಿಡ್ ತಾಗಿದೊಡನೆ ಅದು ಹೆಪ್ಪುಗಟ್ಟಿ ಆ ಜಾಗ ಬೆಳ್ಳಗಾಗುತ್ತದೆ. ಬದಲಾವಣೆಯ ಪಟ್ಟಿಗೆ ಅಂಟಿಕೊಂಡು, ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಕಲೆ ಕಂಡರೆ ಪಾಸಿಟಿವ್. ಅಲ್ಲಲ್ಲಿ ಚದುರಿದ ಮಸುಕು ಬಿಳುಪು ಪಾಸಿಟಿವ್ ಅಲ್ಲ.

ಇದು ಅಗ್ಗ, ಫಲಿತಾಂಶ ಕೂಡಲೇ ಸಿಗುತ್ತದೆ. ಎಡವುವುದು ಸಣ್ಣ ಸಣ್ಣ ವಿಷಯಗಳಲ್ಲಿ. ದ್ರಾವಣವನ್ನು ದಿನವೂ ಹೊಸದಾಗಿ ಮಾಡದೆ ಹಳೆಯದನ್ನೇ ಬಳಸುತ್ತಾರೆ, ಅಳತೆ ತಪ್ಪಿ ಗಟ್ಟಿಯಾದರೆ ಒಳಪೊರೆ ಸುಡುತ್ತದೆ, ಸಾಲು ಉದ್ದವಿದ್ದಾಗ ಒಂದು ನಿಮಿಷ ಇಪ್ಪತ್ತು ಸೆಕೆಂಡಾಗುತ್ತದೆ, ಟಾರ್ಚಿನ ಬೆಳಕು ಹಳದಿಯಾಗಿರುತ್ತದೆ. ನೋಡುವವರ ಅನುಭವದ ಮೇಲೆಯೇ ಎಲ್ಲವೂ ನಿಂತಿರುವುದರಿಂದ ಒಬ್ಬರಿಗೆ ಪಾಸಿಟಿವ್ ಕಂಡದ್ದು ಇನ್ನೊಬ್ಬರಿಗೆ ನೆಗೆಟಿವ್. ಮುಟ್ಟು ನಿಂತವರಲ್ಲಿ ಆ ಪಟ್ಟಿ ಒಳಗೆ ಸರಿದುಹೋಗಿ ಕಣ್ಣಿಗೆ ಸಿಗುವುದೇ ಇಲ್ಲ, ಅಂಥವರಲ್ಲಿ ವಿಐಎ ನಂಬಲಾಗದು.

ಪ್ಯಾಪ್ ಸ್ಮಿಯರ್‌ನಲ್ಲಿ ಗರ್ಭಕಂಠದಿಂದ ಕೆರೆದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಂದೇ ಪರೀಕ್ಷೆ ಸಾಕಷ್ಟನ್ನು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು.

ಮೂರರಲ್ಲಿ ಹೆಚ್ಚು ಸೂಕ್ಷ್ಮವಾದದ್ದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ. ಇದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ನಮ್ಮ ಬೀದರ್, ಕಲಬುರಗಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ. ಈಗ ಅದು ಧಾರಾಶಿವ. 52 ಹಳ್ಳಿಗುಂಪುಗಳ 30ರಿಂದ 59 ವಯಸ್ಸಿನ 1.31 ಲಕ್ಷ ಹೆಂಗಸರನ್ನು ನಾಲ್ಕು ಗುಂಪು ಮಾಡಿ, ಎಚ್‌ಪಿವಿ ಪರೀಕ್ಷೆ, ಪ್ಯಾಪ್, ವಿಐಎ ಒಂದೊಂದನ್ನು ಒಂದೊಂದು ಗುಂಪಿಗೆ ಒಮ್ಮೆ ಮಾತ್ರ ಮಾಡಿದರು. ನಾಲ್ಕನೆಯ ಗುಂಪಿಗೆ ಎಂದಿನ ಆರೋಗ್ಯ ಸೇವೆ ಮಾತ್ರ. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕಿಳಿದದ್ದು ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಮಾತ್ರ. ಅದಕ್ಕಿಂತ ದೊಡ್ಡ ಮಾತು: ಎಚ್‌ಪಿವಿ ನೆಗೆಟಿವ್ ಬಂದವರಲ್ಲಿ ಎಂಟು ವರ್ಷದ ಅವಧಿಯಲ್ಲಿ ಒಬ್ಬರೂ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ನೆಗೆಟಿವ್ ವರದಿಯ ನಿಜವಾದ ಬೆಲೆ ಇದು. ಐದು ವರ್ಷ ನಿಶ್ಚಿಂತೆ.

ಸ್ಯಾಂಪಲ್ ಅನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು. ಕೈ ತೊಳೆದು, ಬ್ರಷ್‌ನ ತುದಿ ಎಲ್ಲೂ ತಾಗದಂತೆ ಹಿಡಿದು, ಯೋನಿಯೊಳಗೆ ಸುಮಾರು ಎರಡು ಇಂಚು, ತಡೆ ಸಿಗುವವರೆಗೆ ಬಿಟ್ಟು, ಒಂದೇ ದಿಕ್ಕಿಗೆ ಮೂರರಿಂದ ಐದು ಸುತ್ತು ತಿರುಗಿಸಿ, ಕೊಳವೆಗೆ ಹಾಕಿ ಮುಚ್ಚಳ ಬಿಗಿದರೆ ಆಯಿತು. ವೈರಸ್‌ನ ಡಿಎನ್‌ಎಯನ್ನು ಅನೇಕ ಪಟ್ಟು ಹೆಚ್ಚಿಸಿ ಹುಡುಕುವ ಪಿಸಿಆರ್ ವಿಧಾನದ ಪರೀಕ್ಷೆಯಾದರೆ ಡಾಕ್ಟರ್ ತೆಗೆದ ಸ್ಯಾಂಪಲ್‌ನಷ್ಟೇ ನಂಬಿಕೆಗೆ ಅರ್ಹ. ಮುಟ್ಟಿನ ದಿನಗಳಲ್ಲಿ ಬೇಡ, ರಕ್ತ ಹೆಚ್ಚಿದ್ದರೆ ಪಿಸಿಆರ್ ಕೆಲಸ ಮಾಡದಿರಬಹುದು. ಹಿಂದಿನ ಎರಡು ದಿನ ಯೋನಿಗೆ ಮುಲಾಮು, ಮಾತ್ರೆ ಹಾಕಿರಬಾರದು. ‘ಇನ್‌ವ್ಯಾಲಿಡ್’ ಎಂದು ವರದಿ ಬಂದರೆ ಗಾಬರಿ ಬೇಡ: ಪ್ರತಿ ಸ್ಯಾಂಪಲ್‌ನಲ್ಲಿ ಮನುಷ್ಯ ಕೋಶದ ಒಂದು ಜೀನನ್ನೂ ಯಂತ್ರ ಹುಡುಕುತ್ತದೆ, ಅದೂ ಸಿಗದಿದ್ದರೆ ಸ್ಯಾಂಪಲ್ ಸಾಲಲಿಲ್ಲ ಎಂದರ್ಥ. ಮತ್ತೊಮ್ಮೆ ತೆಗೆದು ಕೊಟ್ಟರಾಯಿತು.

30 ದಾಟದ ಹುಡುಗಿಯರಿಗೆ ಹೆಲ್ತ್ ಪ್ಯಾಕೇಜ್‌ನಲ್ಲಿ ಸೇರಿಸಿ ಎಚ್‌ಪಿವಿ ಪರೀಕ್ಷೆ ಮಾಡುವುದು ಒಳ್ಳೆಯದಲ್ಲ. ಆ ವಯಸ್ಸಿನಲ್ಲಿ ಸಿಗುವುದು ಬಹುಪಾಲು ತಾನೇ ಹೋಗಲಿರುವ ಸೋಂಕು. ಸಿಗುವ ಲಾಭಕ್ಕಿಂತ ಹೆದರಿಕೆಯೇ ಹೆಚ್ಚು. ಎಚ್‌ಐವಿ ಇರುವವರಿಗೆ ಮಾತ್ರ ಬೇರೆ ಲೆಕ್ಕ: 25ರಿಂದಲೇ ಶುರು, ಮೂರರಿಂದ ಐದು ವರ್ಷಕ್ಕೊಮ್ಮೆ.

ಪಾಸಿಟಿವ್ ಬಂದ ಮೇಲೆ

16 ಅಥವಾ 18 ಪಾಸಿಟಿವ್ ಇದ್ದರೆ ನೇರ ಕಾಲ್ಪೊಸ್ಕೋಪಿ, ಎಂದರೆ ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಲ್ಲಿ ನೋಡಿ, ಅನುಮಾನದ ಜಾಗದಿಂದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸುವುದು. ಉಳಿದ 12ರಲ್ಲಿ ಯಾವುದೋ ಒಂದು ಎಂದಿದ್ದರೆ ಮೊದಲು ಪ್ಯಾಪ್. ಅದು ಸರಿ ಇದ್ದರೆ ಒಂದು ವರ್ಷದ ನಂತರ ಮತ್ತೆ ಎಚ್‌ಪಿವಿ ಪರೀಕ್ಷೆ. ಈ ಮಧ್ಯೆ ವೈರಸ್ ಕೊಲ್ಲುವ ಮಾತ್ರೆ, ಇಮ್ಯೂನಿಟಿ ಸಿರಪ್ ಎಂದು ಮಾರುವವರಿಗೆ ದುಡ್ಡು ಸುರಿಯಬೇಡಿ. ಸೋಂಕನ್ನೇ ವಾಸಿಮಾಡುವ ಔಷಧ ಇಲ್ಲ. ಚಿಕಿತ್ಸೆ ಇರುವುದು ಅದು ಕೆಡಿಸಿದ ಕೋಶಗಳಿಗೆ.

ಆ ಚಿಕಿತ್ಸೆ ನೀವು ಊಹಿಸಿದ್ದಕ್ಕಿಂತ ಸರಳ. ಥರ್ಮಲ್ ಅಬ್ಲೇಶನ್‌ನಲ್ಲಿ ಸುಮಾರು 100 ಡಿಗ್ರಿ ಕಾಯಿಸಿದ ಪುಟ್ಟ ಲೋಹದ ತುದಿಯನ್ನು ಗರ್ಭಕಂಠಕ್ಕೆ ಅರ್ಧ ನಿಮಿಷದ ಆಸುಪಾಸು ಒತ್ತಿಹಿಡಿಯುತ್ತಾರೆ. ಹೊಟ್ಟೆ ಹಿಡಿದಂತಾಗುತ್ತದೆ, ಅಷ್ಟೇ. ಅದೇ ದಿನ ಮನೆಗೆ. ಆದರೆ ಇದು ಎಲ್ಲರಿಗೂ ಆಗದು. ಕಲೆ ಗರ್ಭಕಂಠದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹರಡಿರಬಾರದು, ಗರ್ಭಕಂಠದ ನಡುವಿನ ಕಾಲುವೆಯ ಒಳಗೆ ಹೋಗಿರಬಾರದು, ಬದಲಾವಣೆಯ ಪಟ್ಟಿ ಪೂರಾ ಕಾಣುತ್ತಿರಬೇಕು, ಕ್ಯಾನ್ಸರಿನ ಅನುಮಾನ ಇರಬಾರದು. ಇಲ್ಲವಾದರೆ ಲೀಪ್: ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆದು ಲ್ಯಾಬಿಗೆ ಕಳಿಸುವುದು. ಎರಡರ ನಂತರವೂ ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ, ನಾಲ್ಕು ವಾರ ಸಂಭೋಗ ಬೇಡ. ಜ್ವರ, ದುರ್ವಾಸನೆ, ಜಾಸ್ತಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ. ವರ್ಷದ ನಂತರ ಮರುಪರೀಕ್ಷೆ ತಪ್ಪಿಸಬಾರದು. ಬಹಳ ಮಂದಿ ಕೈಬಿಡುವುದು ಇಲ್ಲಿಯೇ.

ಲಸಿಕೆ

ಸಹಜ ಸೋಂಕಿನಿಂದ ಬರುವ ರಕ್ಷಣೆ ದುರ್ಬಲ, ಲಸಿಕೆಯದು ಬಲಶಾಲಿ. ಇದು ವಿಚಿತ್ರವೆನಿಸಬಹುದು. ವೈರಸ್ ಮೇಲ್ಪದರದಲ್ಲೇ ಉಳಿಯುವುದರಿಂದ ದೇಹ ಅದರ ವಿರುದ್ಧ ಹೆಚ್ಚು ಪ್ರತಿಕಾಯ ತಯಾರಿಸುವುದಿಲ್ಲ. ಲಸಿಕೆಯಲ್ಲಿ ವೈರಸ್‌ನ ಎಲ್1 ಪ್ರೋಟೀನು ಮಾತ್ರ ಇರುತ್ತದೆ. ಅದು ತಾನೇ ಜೋಡಣೆಗೊಂಡು ವೈರಸ್‌ನ ಆಕಾರ ತಾಳುತ್ತದೆ, ಒಳಗೆ ಡಿಎನ್‌ಎ ಇಲ್ಲದ್ದರಿಂದ ಸೋಂಕು ತರಲಾರದು. ಇದನ್ನು ತೋಳಿನ ಸ್ನಾಯುವಿಗೆ 0.5 ಮಿ.ಲೀ. ಚುಚ್ಚಿದಾಗ ದೇಹ ಜೋರಾಗಿ ಪ್ರತಿಕ್ರಿಯಿಸುತ್ತದೆ. ಆಮೇಲೆ ನಿಜವಾದ ವೈರಸ್ ಬಂದರೂ ಅದು ಕೋಶದೊಳಗೆ ಹೊಕ್ಕಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ. ಆದರೆ ಆಗಲೇ ತಳ ಸೇರಿದ ಸೋಂಕನ್ನು ಲಸಿಕೆ ತೆಗೆಯಲಾರದು. 9ರಿಂದ 14ರೊಳಗೆ ಹಾಕಿಸಿ ಎನ್ನುವುದು ಇದಕ್ಕೇ.

ಒಂದೇ ಡೋಸ್ ಸಾಕೇ? ಇದಕ್ಕೆ ಉತ್ತರ ಸಿಕ್ಕಿದ್ದೂ ಭಾರತದಲ್ಲಿ, ಅದೂ ಒಂದು ಎಡವಟ್ಟಿನಿಂದ. 2009ರಲ್ಲಿ ಇಲ್ಲಿ ಎರಡು ಮತ್ತು ಮೂರು ಡೋಸ್‌ಗಳನ್ನು ಹೋಲಿಸುವ ದೊಡ್ಡ ಅಧ್ಯಯನ ಶುರುವಾಗಿತ್ತು. ಅದೇ ಹೊತ್ತಿಗೆ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಬೇರೊಂದು ಲಸಿಕಾ ಯೋಜನೆ ನಡೆದಿತ್ತು. ಅಲ್ಲಿ ಲಸಿಕೆ ಪಡೆದವರಲ್ಲಿ ಏಳು ಹುಡುಗಿಯರು ತೀರಿಕೊಂಡರು. ತನಿಖೆಯಲ್ಲಿ ಸಾವುಗಳಿಗೂ ಲಸಿಕೆಗೂ ಸಂಬಂಧ ಸಿಗಲಿಲ್ಲ. ಆದರೆ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆ ಪಡೆದಂಥ ಗಂಭೀರ ಲೋಪಗಳು ಬಯಲಾದವು, ಅವನ್ನು ಯಾರೂ ಸಮರ್ಥಿಸಲಾರರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕಾ ಪ್ರಯೋಗಗಳನ್ನು ನಿಲ್ಲಿಸಿತು. ಹೋಲಿಕೆಯ ಅಧ್ಯಯನದಲ್ಲಿದ್ದ ಸುಮಾರು 17,700 ಹುಡುಗಿಯರಲ್ಲಿ 4,900ಕ್ಕೂ ಹೆಚ್ಚು ಮಂದಿ ಒಂದೇ ಡೋಸ್‌ಗೆ ನಿಂತರು. ಸಂಶೋಧಕರು ಅವರನ್ನು ಬಿಡದೆ ಹತ್ತು ವರ್ಷ ಹಿಂಬಾಲಿಸಿದರು. 2021ರಲ್ಲಿ ಹೊರಬಂದ ಫಲಿತಾಂಶ: ಉಳಿದುಬಿಡುವ 16, 18 ಸೋಂಕಿನ ವಿರುದ್ಧ ಒಂದು ಡೋಸ್‌ನ ರಕ್ಷಣೆ ಶೇ. 95ರಷ್ಟು, ಎರಡು ಮೂರು ಡೋಸ್ ಪಡೆದವರಿಗೆ ಸರಿಸಮ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕ್ರಮವನ್ನೂ ಒಪ್ಪಲು ಈ ಹುಡುಗಿಯರ ಮಾಹಿತಿಯೂ ಕಾರಣ.

ಖಾಸಗಿ ಕ್ಲಿನಿಕ್‌ಗಳಲ್ಲಿ ಮಕ್ಕಳ ತಜ್ಞರು ಇಂದಿಗೂ 15ರೊಳಗಿನವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದವರಿಗೆ ಮೂರು ಡೋಸ್ ಹೇಳುವುದುಂಟು. ಎಚ್‌ಐವಿ ಇರುವವರಿಗೆ ಒಂದು ಸಾಲದು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಿಂದ ಮಾರುಕಟ್ಟೆಯಲ್ಲಿದೆ, 6, 11, 16, 18 ನಾಲ್ಕಕ್ಕೂ ರಕ್ಷಣೆ ಕೊಡುತ್ತದೆ. ಗಾರ್ಡಸಿಲ್ 9 ಇನ್ನೂ ಐದು ಟೈಪ್ ಸೇರಿಸಿಕೊಂಡಿದೆ, ಬೆಲೆಯೂ ಹಾಗೆಯೇ ಜಾಸ್ತಿ. ಖಾಸಗಿಯಲ್ಲಿ ಕೊಳ್ಳುವ ಮುಂಚೆ ಸರ್ಕಾರಿ ವ್ಯವಸ್ಥೆಯಲ್ಲಿ ಲಭ್ಯವಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟಿತು. ಚುಚ್ಚಿದ ಮೇಲೆ 15 ನಿಮಿಷ ಕೂರಿಸಿ. ಈ ವಯಸ್ಸಿನ ಹುಡುಗಿಯರಿಗೆ ತಲೆಸುತ್ತು ಬರುವುದು ಮಾಮೂಲು, ನಿಂತಿದ್ದು ಬಿದ್ದರೆ ತಲೆಗೆ ಪೆಟ್ಟು. ಯೀಸ್ಟ್ ಅಲರ್ಜಿ ಇದ್ದರೆ ಮೊದಲೇ ಹೇಳಬೇಕು, ಗರ್ಭಿಣಿಯರು ಹೆರಿಗೆಯವರೆಗೆ ಮುಂದೂಡಬೇಕು. ಮಕ್ಕಳಾಗುವುದಿಲ್ಲ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಬುಡವಿಲ್ಲ. ಇಂಗ್ಲೆಂಡಿನಲ್ಲಿ 12–13ರಲ್ಲಿ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ. 87ರಷ್ಟು ಇಳಿದಿದೆ. ನಮ್ಮಲ್ಲೇ ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕ ರಾಜ್ಯಾದ್ಯಂತ ಹಾಕಿತು.

ಗಂಡಸರ ವಿಷಯದಲ್ಲಿ ಚುಟುಕಾಗಿ: ಜನನಾಂಗ, ಗುದದ್ವಾರ ಮತ್ತು ಗಂಟಲಿನ ಹಿಂಭಾಗದ ಕೆಲವು ಕ್ಯಾನ್ಸರ್‌ಗಳಿಗೆ ಇದೇ ವೈರಸ್ ಕಾರಣ, ಆದರೆ ಅವರಿಗೆ ತಪಾಸಣೆಯ ಪರೀಕ್ಷೆ ಇಲ್ಲ. ಹುಡುಗರಿಗೂ ಲಸಿಕೆ ಹಾಕಬಹುದು. ನಮ್ಮಲ್ಲಿ ಕಾಣುವ ಬಾಯಿ ಕ್ಯಾನ್ಸರನ್ನು ಮಾತ್ರ ಎಚ್‌ಪಿವಿ ತಲೆಗೆ ಕಟ್ಟಬೇಡಿ, ಅದು ಬಹುಪಾಲು ಗುಟ್ಕಾ, ತಂಬಾಕು, ಅಡಿಕೆಯ ಕೆಲಸ.

ಲಸಿಕೆ ಪಡೆದವರೂ 30 ಆದ ಮೇಲೆ ತಪಾಸಣೆ ಮಾಡಿಸಬೇಕು, ಏಕೆಂದರೆ ಲಸಿಕೆಯಲ್ಲಿಲ್ಲದ ಟೈಪ್‌ಗಳು ಉಳಿದೇ ಇರುತ್ತವೆ. ಪ್ರತಿ ವರದಿಯ ಪ್ರತಿಯನ್ನೂ ತೆಗೆದಿಡಿ. ವರ್ಷದ ನಂತರ ಮತ್ತೆ ಪಾಸಿಟಿವ್ ಬಂದಾಗ ಡಾಕ್ಟರ್ ಮೊದಲು ನೋಡುವುದು ಹಳೆಯ ಟೈಪೇ ಉಳಿದಿದೆಯೋ ಹೊಸದು ಬಂದಿದೆಯೋ ಎಂದು. ಹಳೆಯದೇ ಆದರೆ ಕಾಲ್ಪೊಸ್ಕೋಪಿ ಮುಂದೂಡುವಂತಿಲ್ಲ. 12 ಟೈಪ್‌ಗಳನ್ನು ಒಟ್ಟಿಗೆ ‘ಇತರೆ’ ಎಂದು ಬರೆಯುವ ವರದಿಯಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ, ಹಾಗಾಗಿ ಎರಡು ಸಲವೂ ‘ಇತರೆ’ ಪಾಸಿಟಿವ್ ಬಂದರೆ ಹಳೆಯದೇ ಎಂದು ಭಾವಿಸಿ ಕಾಲ್ಪೊಸ್ಕೋಪಿಗೆ ಕಳಿಸುತ್ತಾರೆ.